ಗದ್ದದ ಮೂರು ಚುಕ್ಕಿ

ಮಚ್ಛೇಂದ್ರ ಭಾಲ್ಕಿಯಲ್ಲಿ ಅಪ್ಪ ಕಾಶೀರಾಮನ ರೇಡಿಯೊ ರಿಪೇರಿ ಅಂಗಡಿಯ ಬೆಸುಗೆ ಹೊಗೆ ಕುಡಿದು ಬೆಳೆದವನು. ಓದು ಪಿಯುಸಿಗೆ ನಿಂತಿತು, ಕೈ ನಿಲ್ಲಲಿಲ್ಲ. ಇಪ್ಪತ್ತೆರಡಕ್ಕೆ ಹೆಗಲ ಮೇಲೆ ವಿಡಿಯೊ ಕ್ಯಾಮೆರಾ ಹೊತ್ತು ಔರಾದ ತಾಲೂಕಿನ ಮದುವೆಗಳನ್ನು ಹಿಡಿದ. ತೆರೆಯ ಮೇಲೆ ಮದುಮಗಳ ಕಣ್ಣಿನಿಂದ ಗುಲಾಬಿ ಉದುರಿಸುವ ಕಾಲ ಅದು. ಅವನೂ ಉದುರಿಸಿದ. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೆ ಬೀದರಿನಲ್ಲಿ ಅಂಗಡಿ ಹಾಕಿ, ಹಳೆಯ ಕ್ಯಾಸೆಟ್ಟುಗಳನ್ನು ಡಿಸ್ಕಿಗೆ ಇಳಿಸಿಕೊಡುತ್ತ ಕೂತ.

ಬೇರೆಯವರು ಕ್ಯಾಸೆಟ್ಟು ತುರುಕಿ, ಗುಂಡಿ ಒತ್ತಿ, ಚಹಾಕ್ಕೆ ಹೋಗುತ್ತಿದ್ದರು. ಮಚ್ಛೇಂದ್ರ ಟೇಪನ್ನು ಮೊದಲು ಪೂರ್ತಿ ಮುಂದಕ್ಕೆ, ಆಮೇಲೆ ಪೂರ್ತಿ ಹಿಂದಕ್ಕೆ ಸುತ್ತಿ ಬಿಗಿ ಸರಿಮಾಡುತ್ತಿದ್ದ. ಟೇಪಿನಿಂದ ಚಿತ್ರ ಓದುವ ಪ್ಲೇಯರಿನ ಹೆಡ್ ಒರೆಸುತ್ತಿದ್ದ. ಚಿತ್ರದ ಅಡಿಯಲ್ಲಿ ಗೆರೆ ಓಡಿದರೆ ಟ್ರ್ಯಾಕಿಂಗ್ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಇದಲ್ಲದೆ ಹೈದರಾಬಾದಿನಿಂದ ತಂದ ಒಂದು ಡಬ್ಬಿ ಇತ್ತು. ಪ್ಲೇಯರಿಗೂ ಕಂಪ್ಯೂಟರಿಗೂ ನಡುವೆ ಅದನ್ನು ಸಿಕ್ಕಿಸಿದರೆ ಚಿತ್ರದ ಮೇಲೆ ಕುಣಿಯುವ ಚುಕ್ಕಿಗಳನ್ನೆಲ್ಲ ನುಂಗಿ ಮುಖಗಳನ್ನು ನುಣ್ಣಗೆ ಮಾಡುತ್ತಿತ್ತು. ಗಿರಾಕಿಗಳು ಆ ನುಣುಪಿಗೆ ಮರುಳಾಗಿದ್ದರು. ಅವನೂ ಅಷ್ಟೆ.

“ನಿಮ್ಮ ಡಬ್ಬ್ಯಾಗ ಹಾದು ಬಂದ್ರ ನಮ್ಮ ಎಮ್ಮಿನೂ ಬೆಳ್ಳಗ ಕಾಣ್ತದ,” ಎನ್ನುತ್ತಿದ್ದಳು ಹೆಂಡತಿ ಕೌಸಲ್ಯಾಬಾಯಿ.

2016ರ ಬೇಸಿಗೆ. ಎರಡು ವರ್ಷದಿಂದ ಮಳೆ ಕೈಕೊಟ್ಟು, ಹೈದರಾಬಾದಿನ ಬಸ್ಸುಗಳ ನೆತ್ತಿಯ ಮೇಲೆ ಸಂಸಾರಗಳೇ ಏರಿ ಹೋಗುತ್ತಿದ್ದವು. ಎಕಂಬಾದ ಕುರಿಗಾರರ ಮನೆಯ ಲಲಿತಾಬಾಯಿ ಒಂದು ಮುಂಜಾನೆ ಕಂಬಳಿ ತುಂಡಿನಲ್ಲಿ ಸುತ್ತಿದ ಕ್ಯಾಸೆಟ್ಟು ತಂದಳು. ಅವಳ ಮದುವೆಯದು. ಕುರಿಗಳು ಅವಳ ತಮ್ಮನ ಜೊತೆ ನೀರಿದ್ದ ಕಡೆ ಹೋಗಿದ್ದವು. ಅವಳೂ ಗಂಡ ಧೊಂಡಿಬಾನೂ ಮರುದಿನ ಹತ್ತರ ಬಸ್ಸಿಗೆ ಹೈದರಾಬಾದಿಗೆ, ಕಟ್ಟಡವೊಂದರ ಕಾವಲಿಗೆ ಹೊರಟಿದ್ದರು.

“ಇದರಾಗ ನಮ್ಮವ್ವ ಸಖುಬಾಯಿ ಇದ್ದಾಳ್ರಿ. ಚಳಿಗಾಲದಾಗ ತೀರಿಕೊಂಡ್ಳು. ರೇಷನ್ ಕಾರ್ಡಿನ ಫೋಟೊದಾಗ ಬರೇ ಕರಿ ನೆರಳು ಬಂದದ. ಮಾರಿ ಇರೋದು ಇದರಾಗ ಒಂದೇ.”

ಮಚ್ಛೇಂದ್ರ ಕ್ಯಾಸೆಟ್ಟು ಅಲುಗಾಡಿಸಿದ. ಮೇಜಿನ ಮೇಲೆ ಬೂದಿ ಸುರಿಯಿತು.

“ಎಲ್ಲಿ ಇಟ್ಟಿದ್ರಿ ಇದನ್ನ?”

“ನೆಲದಾಗಿನ ಹಗೇದಾಗ್ರಿ, ಜ್ವಾಳದ ಜೋಡಿ. ಹುಳ ಬೀಳಬಾರ್ದಂತ ಬೂದಿ, ಬೇವಿನ ತಪ್ಪಲ ಹಾಕಿದ್ದಿವಿ.”

“ಕ್ಯಾಸೆಟ್ಟಿಗಿ ಹುಳ ಬೀಳಂಗಿಲ್ರಿ ಬಾಯಿ.”

“ಬಿದ್ದಿಲ್ಲಲ್ರಿ ಮತ್ತ.”

ಮಚ್ಛೇಂದ್ರ ಕ್ಯಾಸೆಟ್ಟನ್ನು ತನ್ನ ಕಡೆ ಎಳೆದುಕೊಂಡ. ತಿರುಪು ಬಿಚ್ಚಿ, ಸುರುಳಿಗಳನ್ನು ಬೇರೆ ಕ್ಯಾಸೆಟ್ಟಿನ ಕವಚಕ್ಕೆ ಕೂಡಿಸಿ, ಸಂಜೆಯವರೆಗೆ ಕೈಯಿಂದ ಸುತ್ತುತ್ತ ಮೆತ್ತನೆಯ ಬಟ್ಟೆಯಲ್ಲಿ ಬೂದಿ ಒರೆಸಿದ. ಆದರೂ ಕಣಗಳು ಉಳಿದಿದ್ದವು. ಇಂಥ ಟೇಪು ಓಡಿದಷ್ಟೂ ಗೀಚಿಕೊಳ್ಳುತ್ತದೆ. ಒಂದು ಸಲ ಓಡಿದರೆ ಪುಣ್ಯ. ಓಡಿಸಿದ. ಮದುಮಗಳ ಕಣ್ಣಿನಿಂದ ತನ್ನದೇ ವರಸೆಯಲ್ಲಿ ಗುಲಾಬಿ ಉದುರಿದಾಗ, ಇದು ತಾನೇ ಹಿಡಿದ ಮದುವೆ ಎಂದು ಗೊತ್ತಾಯಿತು. ಡಬ್ಬಿ ತನ್ನ ಕೆಲಸ ಮಾಡಿತು. ಇಂಥ ಚೊಕ್ಕ ಚಿತ್ರ ತಾನು ಈವರೆಗೆ ಇಳಿಸಿಲ್ಲ ಎಂದುಕೊಂಡ.

ಮರುದಿನ ಎಂಟಕ್ಕೆ ಲಲಿತಾಬಾಯಿ ಬಂದು ಕೂತು ನೋಡಿದಳು. ಅರಿಶಿಣ ಹಚ್ಚುವ ಮುದುಕಿಯ ಮುಖ ತೆರೆ ತುಂಬಿತು.

“ಇದು ನಮ್ಮವ್ವ ಅಲ್ರಿ,” ಎಂದಳು.

“ಮತ್ತ್ಯಾರ್ರಿ?”

“ಸೀರಿ ಅವ್ವಂದೇ. ಗದ್ದದ ಮ್ಯಾಲ ಮೂರು ಹಚ್ಚಿ ಚುಕ್ಕಿ ಇದ್ದುವ್ರಿ. ಸಣ್ಣಾಕಿದ್ದಾಗ ಅವನ್ನ ಮುಟ್ಟಿಗೋತ ಮಲಗ್ತಿದ್ದೆ. ಎಲ್ಲಿ ಹೋದುವು?”

ಮಚ್ಛೇಂದ್ರ ತೆರೆಯ ಹತ್ತಿರ ಬಗ್ಗಿದ. ಗದ್ದ ಬೋಳಾಗಿತ್ತು. ಡಬ್ಬಿ ಹಚ್ಚೆಯನ್ನೂ ಹೊಲಸೆಂದು ತಿಂದುಹಾಕಿತ್ತು. ಟೇಪು ಇನ್ನೊಮ್ಮೆ ತಾಳುವುದಿಲ್ಲ ಎನ್ನಲು ಬಾಯಿ ತೆರೆದ. ಚಹಾ ತಂದಿದ್ದ ಕೌಸಲ್ಯಾಬಾಯಿ ಅವನಿಗಿಂತ ಮೊದಲು ಮಾತಾಡಿದಳು.

“ಅವರವ್ವನ್ನ ಇಟ್ಟುಕೊಂಡು ಗೊಂಬಿ ಕೊಟ್ಟು ಕಳಿಸ್ತೀರೇನು?”

ಅವನು ಡಬ್ಬಿಯ ವೈರು ಕಿತ್ತು, ಪ್ಲೇಯರನ್ನು ನೇರ ಕಂಪ್ಯೂಟರಿಗೆ ಸಿಕ್ಕಿಸಿದ. ಹೆಡ್ ಮತ್ತೊಮ್ಮೆ ಒರೆಸಿ, ಅರಿಶಿಣದ ಭಾಗಕ್ಕೆ ತುಸು ಹಿಂದಿನಿಂದ ಟೇಪು ಬಿಟ್ಟ. ಪ್ಲೇಯರು ಕಿರ್ ಎಂದಿತು. ಚಿತ್ರದ ತುಂಬ ಕಾಳು ಕಾಳು, ಬದಿಯಲ್ಲಿ ಗೆರೆ. ಗುಂಡಿಯ ಮೇಲೆ ಬೆರಳಿಟ್ಟು ಗೆರೆಯನ್ನು ಕೆಳಗೆ ತಳ್ಳುತ್ತಲೇ ಇದ್ದ. ಮುಖ ಬಂತು. ಒರಟು ಕೆನ್ನೆ, ಸುಕ್ಕು, ಗದ್ದದ ಮೇಲೆ ಹಸಿರುಗಪ್ಪು ಚುಕ್ಕಿ ಮೂರು.

ಲಲಿತಾಬಾಯಿ ಬೆರಳು ಚಾಚಿ ಗಾಜಿನ ಮೇಲೆ ಒಂದೊಂದನ್ನೇ ಮುಟ್ಟಿದಳು.

ಅರಿಶಿಣ ಮುಗಿದು ಊಟದ ಪಂಕ್ತಿ ಬರುತ್ತಿದ್ದಂತೆ ಟೇಪು ಸಿಕ್ಕಿಕೊಂಡು ಮುದುಡಿಹೋಯಿತು.

“ಇಷ್ಟೇ ಬಂತ್ರಿ. ಉಳಿದದ್ದು ನಿನ್ನಿ ಇಳಿಸಿದ ನುಣ್ಣಂದೇ ಹಾಕ್ಬೇಕು,” ಎಂದ.

“ಹಾಕ್ರಿ. ಅಲ್ಲಿ ಉಣ್ಣೋರು ಎಲ್ಲಾ ನಮ್ಮ ಗಂಡನ ಕಡಿಯೋರು. ನುಣ್ಣಗಿದ್ರೂ ನಡೀತದ.”

ಡಿಸ್ಕು ಸಿದ್ಧವಾದಾಗ ಒಂಬತ್ತೂವರೆ. ಅದನ್ನು ಅವಳು ಅದೇ ಕಂಬಳಿ ತುಂಡಿನಲ್ಲಿ ಸುತ್ತಿದಳು.

“ಇದಕ್ಕ ಬೂದಿ ಹಾಕಬ್ಯಾಡ್ರಿ ಮತ್ತ,” ಎಂದ ಮಚ್ಛೇಂದ್ರ.

“ಹೈದರಾಬಾದಿನ್ಯಾಗ ಬೂದಿ ಎಲ್ಲಿ ಸಿಗ್ತದ್ರಿ ಅಣ್ಣಾ,” ಎಂದು ಅವಳು ಬಸ್ ನಿಲ್ದಾಣದ ಕಡೆ ನಡೆದಳು.

ಅಂದಿನಿಂದ ಅವನು ಡಬ್ಬಿಯ ವೈರು ಸಿಕ್ಕಿಸುವ ಮೊದಲು ಎಲ್ಲ ಗಿರಾಕಿಗಳಿಗೂ ಒಂದು ಪ್ರಶ್ನೆ ಕೇಳುತ್ತಾನೆ: “ಮಾರಿ ಮ್ಯಾಲ ಗುರುತು ಏನರ ಅದಾವೇನ್ರಿ?”