ಗತ್ಯೇನಿಯವರು ಅಳಿಸದ ಹದಿನೆಂಟು ಗಂಟೆ

ದುಟ್ವಾ ಪೇಟೆಯ ಟ್ಯಾಕ್ಸಿ ನಿಲ್ದಾಣದ ಹಿಂದೆ ನಮ್ಮದು ಒಂದೇ ಕೋಣೆ, ಎರಡು ಅಂಗಡಿ. ಬಾಗಿಲ ಕಡೆಯ ಅರ್ಧದಲ್ಲಿ ನನ್ನ ಹೊಲಿಗೆ ಯಂತ್ರ, ಒಳಗಿನ ಅರ್ಧದಲ್ಲಿ ಗತ್ಯೇನಿಯವರ ಕಂಪ್ಯೂಟರ್ ರಿಪೇರಿ. ಹನ್ನೊಂದು ವರ್ಷ ಹಾಗೆ ಬೆನ್ನಿಗೆ ಬೆನ್ನು ಕೊಟ್ಟು ಕೂತಿದ್ದೆವು. ನನ್ನ ಬಟ್ಟೆಯ ನೂಲಿನ ಧೂಳು ಅವರ ಯಂತ್ರಗಳ ಹೊಟ್ಟೆ ಸೇರುತ್ತದೆ ಎಂದು ಅವರು ಗೊಣಗುವುದು, ಅವರ ಹಳೇ ಯಂತ್ರಗಳೆಲ್ಲ ಸೇರಿ ನನ್ನ ಪಾಲಿನ ಕರೆಂಟು ನುಂಗುತ್ತವೆ ಎಂದು ನಾನು ಜಗಳ ತೆಗೆಯುವುದು, ಆಮೇಲೆ ಇಬ್ಬರೂ ಒಂದೇ ಪೊಟ್ಟಣದಿಂದ ಎಣ್ಣೆಯಲ್ಲಿ ಕರಿದ ಬಿಸಿ ಬಿಸಿ ಅಮಗ್ವಿನ್ಯಾ ಉಂಡೆ ತಿನ್ನುವುದು. ಗಂಡ ಹೆಂಡಿರಿಗೂ ಅಷ್ಟು ಜಗಳ ಇರಲಿಕ್ಕಿಲ್ಲ.

ಅವರ ಹೆಸರು ಸಿಂಡಿಸೊ ಜೊಂಗಿಲಾಂಗಾ. ಆದರೆ ನಮ್ಮಲ್ಲಿ ಹಿರಿಯರನ್ನು ಕುಲದ ಹೆಸರಿನಿಂದ ಕರೆದರೇ ಮರ್ಯಾದೆ. ಪೇಟೆಗೆಲ್ಲ ಅವರು ಗತ್ಯೇನಿ, ನಾನು ಮಾಬೇಲೆ. ಅವರು ಮೊದಲು ಅಂಚೆ ಕಚೇರಿಯಲ್ಲಿ ತಂತಿ ವಿಭಾಗದಲ್ಲಿದ್ದರು. ತಂತಿ ನಿಂತ ಮೇಲೆ ಮಿಷನ್ ಶಾಲೆಯೊಂದರಲ್ಲಿ, ಯಾರೋ ದಾನ ಕೊಟ್ಟ ಹಳೇ ಕಂಪ್ಯೂಟರ್‌ಗಳ ಕೋಣೆ ಕಾಯುವ ಕೆಲಸ ಸಿಕ್ಕಿತು. ಪುಕ್ಕಟೆ ಹಂಚುತ್ತಿದ್ದ ಲಿನಕ್ಸ್ ಸಿ.ಡಿ. ಒಂದನ್ನು ಹಿಡಿದು ಐವತ್ತನೇ ವಯಸ್ಸಿನಲ್ಲಿ ಹೊಸ ವಿದ್ಯೆ ಕಲಿತರು. ಉಳಿದ ರಿಪೇರಿಯವರು ಚಿತ್ರ ಒತ್ತಿ ಕೆಲಸ ಮಾಡಿದರೆ ಇವರಿಗೆ ಕಪ್ಪು ಪರದೆ, ಬಿಳಿ ಅಕ್ಷರವೇ ಆಗಬೇಕು. ಯಂತ್ರ ಬರೆದ ಸಾಲುಗಳನ್ನು ತಂತಿ ಓದಿದ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. ಅದರ ಅರ್ಥ ನನಗೆ ಒಂದು ಕಾಳಿನಷ್ಟೂ ತಿಳಿಯುತ್ತಿರಲಿಲ್ಲ. ಆದರೂ ಆ ದನಿ ಇಲ್ಲದ ದಿನ ನನ್ನ ಹೊಲಿಗೆ ಸೊಟ್ಟಗಾಗುತ್ತಿತ್ತು. ಅವರು ಹೋಗಿ ಆರು ವರ್ಷವಾಯಿತು, ಈಗ ದಿನವೂ ಸೊಟ್ಟಗೆ.

ಅವರನ್ನು ನೆನೆದಾಗೆಲ್ಲ ನನಗೆ ನೋಪೆಲೊಳ ಲ್ಯಾಪ್‌ಟಾಪ್ ನೆನಪಾಗುತ್ತದೆ.

ಅದು ಡಿಸೆಂಬರ್. ದೀಕ್ಷೆಗೆಂದು ಬೆಟ್ಟಕ್ಕೆ ಹೋದ ಹುಡುಗರು ಗಂಡಸರಾಗಿ ಇಳಿದು ಬರುವ ತಿಂಗಳು. ನನಗೆ ಹೊಸ ಅಂಗಿಗಳ ಹೊಲಿಗೆ ತಲೆಯ ಮೇಲೆ ಬಿದ್ದಿತ್ತು. ಒಂದು ಮಂಗಳವಾರ, ಹೆಗಲ ಮೇಲೆ ಶಾಲು ಬಿಗಿಯಾಗಿ ಪಿನ್ ಹಾಕಿಕೊಂಡ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ದಿಂಬಿನ ಚೀಲ, ಅದರೊಳಗೆ ಲ್ಯಾಪ್‌ಟಾಪ್. ಅವಳೇ ನೋಪೆಲೊ. ಗಂಡ ಗಣಿಯಲ್ಲಿ ಸತ್ತು ಹನ್ನೆರಡು ವರ್ಷ. ಮಾವನ ಮನೆಯಲ್ಲೇ ಉಳಿದು ಮಗನನ್ನು ಬೆಳೆಸಿದವಳು. ಮಾವ ನಿವೃತ್ತ ಮೇಷ್ಟ್ರು, ಜುಲೈ ತಿಂಗಳ ಚಳಿಯಲ್ಲಿ ತೀರಿಕೊಂಡಿದ್ದರು. ಮೊಮ್ಮಗ ಬುಲೆಲಾ ಶನಿವಾರ ಬೆಟ್ಟದಿಂದ ಇಳಿಯುವವನಿದ್ದ. ಅಂದು ದನದ ದೊಡ್ಡಿಯಲ್ಲಿ ಹಿರಿಯರು ಹೊಸ ಗಂಡಸಿಗೆ ಬುದ್ಧಿಮಾತು ಹೇಳಬೇಕು. ತಾವು ಅಲ್ಲಿಯವರೆಗೆ ಇರುವುದಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ತಮ್ಮ ಮಾತನ್ನು ಲ್ಯಾಪ್‌ಟಾಪಿನಲ್ಲಿ ಧ್ವನಿಮುದ್ರಣ ಮಾಡಿ, ಅದನ್ನೇ ದೊಡ್ಡಿಯಲ್ಲಿ ಹಾಕಿ ಎಂದು ಹೇಳಿ ಹೋಗಿದ್ದರು. ಮಣ್ಣು ಮಾಡಿ ಬಂದ ಮೇಲೆ ತೆರೆದರೆ ಯಂತ್ರ ಮುಖವನ್ನೇ ತೋರಿಸದು. ಕಪ್ಪು ಪರದೆ, ಮೂಲೆಯಲ್ಲಿ ಹೆಸರು ಕೇಳುವ ಒಂದು ಸಾಲು, ಪಕ್ಕದಲ್ಲಿ ಮಿಣುಕುವ ಗೆರೆ. ಅಷ್ಟೇ.

ಮೊದಲು ಮ್ತಾಟಾ ಪಟ್ಟಣದ ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದಳಂತೆ. ಅಲ್ಲಿಯ ಹುಡುಗ ಬೇರೆ ಸೀಮೆಯವನು. ಲಾಗಿನ್ ಹೆಸರೇನು ಎಂದು ಕೇಳಿದ. ಇವಳು ಸುಮ್ಮನೆ ನಿಂತಳು. ಇದು ಯಾರ ಲ್ಯಾಪ್‌ಟಾಪ್, ಅವರ ಹೆಸರಾದರೂ ಹೇಳು ಎಂದ. ಅದಕ್ಕೂ ಮೌನ. ಕದ್ದ ಮಾಲು ಎಂದೇ ಅವನು ತೀರ್ಮಾನಿಸಿದ. ಕೊನೆಗೆ ಕನಿಕರಪಟ್ಟು, ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಡುತ್ತೇನೆ ಎಂದನಂತೆ. ಇವಳು ಲ್ಯಾಪ್‌ಟಾಪ್ ಕಿತ್ತುಕೊಂಡು ಓಡಿ ಬಂದಿದ್ದಳು.

ಗತ್ಯೇನಿಯವರು ಕನ್ನಡಕ ಏರಿಸಿ ಪರದೆ ನೋಡಿದರು. “ಅಳಿಸ್ತೀನಿ ಅಂದನಾ? ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ? ಇದು ಸತ್ತಿಲ್ಲ ಮಗಳೇ. ಮುಖ ತೋರಿಸೋದು ಬಿಟ್ಟಿದೆ ಅಷ್ಟೆ, ಮಾತಾಡೋದು ಬಿಟ್ಟಿಲ್ಲ. ಏನು ಹೆಸರು ಹಾಕ್ತಿದ್ರಿ?”

ಅವಳು ನೆಲ ನೋಡಿದಳು. ಮೊದಲೆಲ್ಲ ಮಾವನ ಫೋಟೊ ಬರುತ್ತಿತ್ತು, ಅದನ್ನು ಒತ್ತಿ ಪಾಸ್‌ವರ್ಡ್ ಕೊಟ್ಟರೆ ಆಗುತ್ತಿತ್ತು ಎಂದಳು. ಪಾಸ್‌ವರ್ಡ್ ತನಗೆ ಗೊತ್ತು. ಕೊನೆಯ ವರ್ಷಗಳಲ್ಲಿ ಅವರ ಕೈ ನಡುಗುತ್ತಿದ್ದರಿಂದ ತಾನೇ ಒತ್ತಿಕೊಡುತ್ತಿದ್ದೆ. ಆದರೆ ಇದು ಕೇಳುತ್ತಿರುವುದು, ಎಂದವಳು, ಅಲ್ಲಿಗೇ ನಿಲ್ಲಿಸಿದಳು.

ಆಗ ನನ್ನ ತಲೆಗೆ ಹೊಳೆಯಿತು. ನಮ್ಮಲ್ಲಿ ಸೊಸೆ ಮಾವನ ಹೆಸರು ಎತ್ತುವುದುಂಟೇ! ನಾನೂ ಮದುವೆಯಾದಂದಿನಿಂದ ನನ್ನ ಮಾವನ ಹೆಸರು ಎತ್ತಿದವಳಲ್ಲ. ಆದರೆ ನಾನು ಅಷ್ಟೊಂದು ಕಟ್ಟುನಿಟ್ಟಿನವಳಲ್ಲ, ಚೀಟಿಯಲ್ಲಾದರೂ ಬರೆದುಕೊಟ್ಟಿರುತ್ತಿದ್ದೆ. ಸೀಮೆಸುಣ್ಣ ಕೊಟ್ಟು ಬರಿ ಎಂದೆ. ಅವಳು ಕೈಯನ್ನು ಶಾಲಿನೊಳಗೆ ಎಳೆದುಕೊಂಡಳು.

“ಬಾಯಿ ಹೇಳಬಾರದ್ದು ಕೈ ಹೇಳಬಹುದಾ, ಮಾಬೇಲೆ?” ಎಂದಳು.

ನನಗೆ ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು. ಗತ್ಯೇನಿಯವರು ಮಾತ್ರ ಇದು ದಿನಾ ಬರುವ ಕಾಯಿಲೆ ಎಂಬಂತೆ ತಲೆಯಾಡಿಸಿ, ತಮ್ಮ ಪೆನ್‌ಡ್ರೈವ್ ಚುಚ್ಚಿ, ಅದರೊಳಗಿನ ಲಿನಕ್ಸ್‌ನಿಂದಲೇ ಯಂತ್ರವನ್ನು ಎಬ್ಬಿಸಿದರು. ಆಮೇಲೆ ಮಾಡಿದ್ದನ್ನು ನಾನು ಮರೆಯಲಾರೆ. ಡಿಸ್ಕಿನೊಳಗೆ ಹೋಗಿ ಹೆಸರು ಹುಡುಕುವ ಮೊದಲು ಲ್ಯಾಪ್‌ಟಾಪನ್ನು ಪೂರ್ತಿ ಗೋಡೆಯ ಕಡೆಗೆ ತಿರುಗಿಸಿಕೊಂಡರು. ಆ ಹೆಸರು ಅವಳ ಕಣ್ಣಿಗೆ ಬೀಳಬಾರದಲ್ಲ. ಅಂದು ಮಾತ್ರ ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದಲಿಲ್ಲ.

ಕಾಲು ಗಂಟೆಯಾದ ಮೇಲೆ ರೋಗ ಸಿಕ್ಕಿತು. ಡಿಸ್ಕ್ ಕಂಠಮಟ್ಟ ತುಂಬಿತ್ತು. ಚಿತ್ರದ ಪರದೆ ಮೇಲೇಳಬೇಕಾದರೆ ಒಂದಿಷ್ಟು ಖಾಲಿ ಜಾಗ ಬೇಕಂತೆ. ಅಲ್ಲಿ ಸೂಜಿ ಊರುವಷ್ಟೂ ಇರಲಿಲ್ಲ. ತುಂಬಿದ್ದು ಒಂದೇ ಒಂದು ಧ್ವನಿಮುದ್ರಣ. ಮೇಷ್ಟ್ರು ಮಾತು ಶುರುಮಾಡಿ, ಮುಗಿಸಿ, ನಿಲ್ಲಿಸುವ ಗುಂಡಿ ಒತ್ತುವುದನ್ನು ಮರೆತಿದ್ದರು. ಯಂತ್ರ ಪಾಪ, ಡಿಸ್ಕ್ ತುಂಬುವವರೆಗೂ ಮನೆಯಲ್ಲಿ ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಲೇ ಹೋಗಿತ್ತು. ಹದಿನೆಂಟು ಗಂಟೆ. ಅದಾದ ನಾಲ್ಕು ದಿನಕ್ಕೆ ಅವರನ್ನು ಆಸ್ಪತ್ರೆಗೆ ಸೇರಿಸಿದ್ದರು.

ನಾನು ದರ್ಜಿ, ನನ್ನ ಬುದ್ಧಿ ಕತ್ತರಿಗೇ ಹೋಗುವುದು. ಮೊದಲಿಗಿರುವ ಮೇಷ್ಟ್ರ ಮಾತಷ್ಟನ್ನು ಕತ್ತರಿಸಿಕೊಂಡು ಉಳಿದದ್ದನ್ನು ಬಿಸಾಡಿ, ಜಾಗವೂ ಆಯಿತು, ಮಾತೂ ಸಿಕ್ಕಿತು ಎಂದೆ. ನೋಪೆಲೊ ಗತ್ಯೇನಿಯವರ ಮುಖವನ್ನೇ ನೋಡುತ್ತಿದ್ದಳು.

“ಒಂದು ಮನೆ ಇಡೀ ದಿನ ಉಸಿರಾಡಿದ್ದು ಇದರಲ್ಲಿದೆ. ಆ ಮನೆಯ ಯಜಮಾನ ಈಗ ಇಲ್ಲ. ಅಳಿಸೋಕೆ ನಾನ್ಯಾರು?” ಎಂದರು ಅವರು.

ತಮ್ಮದೇ ಒಂದು ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿಕೊಂಡರು. ಮೊದಲು ನಕಲು, ಆಮೇಲೆ ದುರಸ್ತಿ ಎಂಬುದು ಅವರ ವೇದವಾಕ್ಯ. ಹಳೆಯ ಅಪ್‌ಡೇಟ್‌ಗಳ ಕಸ, ಯಂತ್ರದ ದಿನಚರಿಯ ಕಸ ಎಲ್ಲ ಗುಡಿಸಿ ತೆಗೆದರು. ಪೆನ್‌ಡ್ರೈವ್ ಕಿತ್ತು ಯಂತ್ರವನ್ನು ಮತ್ತೆ ಎಬ್ಬಿಸಿದರು. ಟೈ ಕಟ್ಟಿದ ಮೇಷ್ಟ್ರ ಫೋಟೊ ಪರದೆಯ ಮೇಲೆ ಬಂತು, ಕೆಳಗಿನ ಹೆಸರಿನ ಮೇಲೆ ಗತ್ಯೇನಿಯವರ ಹೆಬ್ಬೆರಳು. ನೋಪೆಲೊ ಥಟ್ಟನೆ ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡಳು. ಅವಳನ್ನು ನೋಡಿ ನಾನೂ ಎಳೆದುಕೊಂಡೆ. ನನಗೂ ಆ ಮೇಷ್ಟ್ರಿಗೂ ಸಂಬಂಧವೇ ಇಲ್ಲ!

ಮೂವರೂ ಕೂತು ಕೇಳಿದೆವು. ಮೇಷ್ಟ್ರ ಮಾತು ಇಪ್ಪತ್ತೆರಡು ನಿಮಿಷ. “ಇಷ್ಟೇ ಮಗಾ, ನಂದು ಮುಗೀತು” ಎಂದು ಒಂದು ಕೆಮ್ಮು. ಆಮೇಲೆ ದೂರದಲ್ಲಿ ಪಾತ್ರೆಯ ಸದ್ದು, ಜೋಳ ಕುಟ್ಟುವ ಸದ್ದು, ಅದರ ಲಯಕ್ಕೆ ಹೆಂಗಸಿನ ಹಾಡು. ನೋಪೆಲೊ ಕುರ್ಚಿಯಿಂದ ಎದ್ದೇಬಿಟ್ಟಳು. ಅದು ಅವಳದೇ ದನಿ. ಮಾವನ ದನದ ದೊಡ್ಡಿಗೆ ಸೊಸೆ ಕಾಲಿಡುವಂತೆಯೇ ಇಲ್ಲ, ಇನ್ನು ತನ್ನ ಹಾಡು ಅಲ್ಲಿ ಕೇಳಿಸಿದರೆ ಊರು ಏನಂದೀತು! ಮಾವನ ಕೆಮ್ಮು ಮುಗಿದ ತಕ್ಷಣ ನಿಲ್ಲಿಸಬೇಕು, ದೊಡ್ಡಿಗೆ ನೀವೇ ಬರಬೇಕು ಎಂದು ಗತ್ಯೇನಿಯವರಿಂದ ಮಾತು ತೆಗೆದುಕೊಂಡಳು.

ಶನಿವಾರ ನಾನೂ ಹೋಗಿದ್ದೆ. ಬುಲೆಲಾನ ಅಂಗಿ ನಾನೇ ಹೊಲಿದದ್ದು, ಬಿಡುತ್ತೇನೆಯೇ. ಗಂಡಸರೆಲ್ಲ ದೊಡ್ಡಿಯೊಳಗೆ, ನಾವು ಹೆಂಗಸರು ಬೇಲಿಯ ಹೊರಗೆ. ಹೊಸ ಕಂಬಳಿ ಹೊದ್ದ ಬುಲೆಲಾ ತಲೆ ತಗ್ಗಿಸಿ ನೆಲದ ಮೇಲೆ ಕೂತಿದ್ದ. ಗತ್ಯೇನಿಯವರು ಇಸ್ತ್ರಿ ಮಾಡಿದ ಕಂದು ಕೋಟು ತೊಟ್ಟು, ತಲೆಕೆಳಗು ಮಾಡಿದ ಬಕೆಟ್ಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಸ್ಪೀಕರ್ ಸಿಕ್ಕಿಸಿದರು. ಸತ್ತವರ ದನಿ ದೊಡ್ಡಿಯಲ್ಲಿ ಎದ್ದಾಗ ಒಬ್ಬ ಮುದುಕ ಟೊಪ್ಪಿ ತೆಗೆದ, ಆಮೇಲೆ ಎಲ್ಲರೂ ತೆಗೆದರು. ಕುಡಿಯಬೇಡ, ಸುಳ್ಳು ಹೇಳಬೇಡ, ನಿನಗಿಂತ ಬಡವನ ಮುಂದೆ ದನಿ ಎತ್ತಬೇಡ. ಎಲ್ಲ ಅಜ್ಜಂದಿರೂ ಹೇಳುವ ಮಾತೇ. ಆದರೆ ನನಗೆ ಕಣ್ಣು ತುಂಬಿ ಬಂತು.

“ಇಷ್ಟೇ ಮಗಾ, ನಂದು ಮುಗೀತು.” ಕೆಮ್ಮು. ಗತ್ಯೇನಿಯವರ ಕೈ ಗುಂಡಿಯ ಕಡೆ ಹೋಯಿತು. ಮೇಷ್ಟ್ರ ತಮ್ಮ, ಈಗ ಆ ಮನೆಗೆ ಹಿರಿಯ, ಕೋಲು ಅಡ್ಡ ಹಿಡಿದ.

“ಬಿಡು ಗತ್ಯೇನಿ. ಇನ್ನೂ ಏನೋ ಕೇಳ್ತಿದೆ.”

ಗತ್ಯೇನಿಯವರು ಬೇಲಿಯ ಕಡೆ ನೋಡಿದರು. ಕೊಟ್ಟ ಮಾತು ಒಂದು ಕಡೆ, ದೊಡ್ಡಿಯ ಯಜಮಾನನ ಅಪ್ಪಣೆ ಇನ್ನೊಂದು ಕಡೆ. ಅಷ್ಟರಲ್ಲಿ ಜೋಳ ಕುಟ್ಟುವ ಸದ್ದು ಬಂತು, ಹಾಡೂ ಬಂತು. ನೋಪೆಲೊ ನನ್ನ ತೋಳಿಗೆ ಉಗುರು ಊರಿದಳು. ಯಾರೋ ಒಬ್ಬ ಗಂಟಲು ಸರಿಮಾಡಿಕೊಂಡ. ಮೇಷ್ಟ್ರ ತಮ್ಮ ಬುಲೆಲಾನ ಕಡೆ ತಿರುಗಿದ.

“ಅಜ್ಜ ಹೇಳಿದ್ದು ಕೇಳಿದೆಯಲ್ಲ. ಆ ಅಜ್ಜನಿಗೆ ಸಾಯೋ ತನಕ ಅನ್ನ ಬೇಯಿಸಿ ಹಾಕಿದವಳ ದನಿ ಇದು. ಇದನ್ನೂ ಕೇಳು.”

ಬ್ಯಾಟರಿ ಮುಗಿಯುವವರೆಗೂ ಯಾರೂ ಏಳಲಿಲ್ಲ. ಮುಕ್ಕಾಲು ಗಂಟೆ ಆ ಗಂಡಸರೆಲ್ಲ ಪಾತ್ರೆಯ ಸದ್ದು, ಕೋಳಿಯ ಕೂಗು, ಅವಳ ಹಾಡು ಕೇಳುತ್ತಾ ಬರಿದಲೆಯಲ್ಲಿ ಕೂತಿದ್ದರು. ಒಮ್ಮೆ ಅವಳು ಟೀ ತರಲೇ ಎಂದು ಕೇಳಿದ್ದು, ಮೇಷ್ಟ್ರು ತಾ ಎಂದದ್ದೂ ಕೇಳಿಸಿತು.

ಪರದೆ ಆರಿದ ಮೇಲೆ ಗತ್ಯೇನಿಯವರು ಹೊರಗೆ ಬಂದು ಅವಳ ಮುಂದೆ ನಿಂತರು. ಅಷ್ಟು ಪೆಚ್ಚು ಮೋರೆಯಲ್ಲಿ ಅವರನ್ನು ನಾನು ಎಂದೂ ನೋಡಿರಲಿಲ್ಲ.

“ಮಾತಿಗೆ ತಪ್ಪಿದೆ ಮಗಳೇ.”

ಅವಳು ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು. “ಮುಗಿದೇ ಹೋಯ್ತಾ, ಗತ್ಯೇನಿ?”

“ಎಲ್ಲಿ ಮುಗೀತು,” ಎಂದರು ಅವರು. “ಇನ್ನೂ ಹದಿನೇಳು ಗಂಟೆ ಇದೆ.”