ಖಂಡೇನವಮಿಯ ನೀರು ಮತ್ತು ನನ್ನ ಸುಳ್ಳು

ಇಂದಿರಾಬಾಯಿಯವರೇ, ನಿಮ್ಮ ಕಂಪ್ಯೂಟರಿನ ಇಂಟರ್ನೆಟ್ ನಿಂತದ್ದು ಖಂಡೇನವಮಿಯ ಆಯುಧಪೂಜೆಯಲ್ಲಿ ನೀವು ಚಿಮುಕಿಸಿದ ನೀರಿನಿಂದಲ್ಲ. ನಾನು ಸುಳ್ಳು ಹೇಳಿದೆ. ಸುಳ್ಳೆಂದು ಗೊತ್ತಿದ್ದೇ ಹೇಳಿದೆ — ಇಷ್ಟು ವರ್ಷ ಅದನ್ನು ನುಂಗಿಕೊಂಡು ನಿಮ್ಮ ಮನೆಗೆ ಹೋಗಿ ಬಂದು ಮಾಡಿದೆ.

ಆಗ ನಾನು ಎಂಥವನಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಕೆಟ್ಟು ನಿಂತ ಪ್ರಿಂಟರನ್ನು ಎರಡು ಸಲ ಸರಿ ಮಾಡಿದ್ದೆ, ಅಷ್ಟೇ. ಹಾಳೂರಿಗೆ ಉಳಿದವನೇ ಗೌಡ — ಪುಣೆಯ ನಮ್ಮ ಪೇಠೆಯ ಕನ್ನಡದವರಿಗೆಲ್ಲ ನಾನೇ ಕಂಪ್ಯೂಟರ್ ಪಂಡಿತ. ಮೇಲ್ ಕಳಿಸಿ, ಮುಟ್ಟಿತೇ ಎಂದು ಫೋನು ಮಾಡಿ ಕೇಳುವ ಗುಮಾಸ್ತರು, ಮೌಸನ್ನು ಎರಡೂ ಕೈಯಲ್ಲಿ ಹಿಡಿಯುವ ಹೋಟೆಲಿನ ಶೆಟ್ಟರು — ದಡ್ಡರ ಸಂತೆ ಎಂದು ಒಳಗೊಳಗೇ ನಗುತ್ತಿದ್ದೆ. ಕರೆದರೆ ಮಾತ್ರ ತಪ್ಪದೆ ಹೋಗುತ್ತಿದ್ದೆ. ಹೊಗಳಿಸಿಕೊಳ್ಳುವ ಚಟ ಅದು.

ನೀವು ಶಿವಾಜಿನಗರದ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದವರು. ಕನ್ನಡದ ಕಾಗದಪತ್ರಗಳನ್ನು ಮರಾಠಿಗೆ ತಂದು, ಅಚ್ಚುಕಟ್ಟಾಗಿ ಟೈಪ್ ಮಾಡಿಕೊಡಲು ವಕೀಲರು ನಿಮ್ಮನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ವರ್ಷ ವಕೀಲರು ಹೇಳಿ ಕಳಿಸಿದರು — ಇನ್ನು ಕಾಗದ ಮೇಲ್‌ನಲ್ಲಿ ಬರುತ್ತದೆ, ಅದೇ ದಿನ ಮೇಲ್‌ನಲ್ಲೇ ವಾಪಸು ಬರಬೇಕು, ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಮೇಲಿನ ಮನೆಯವರು ತಮ್ಮ ಇಂಟರ್ನೆಟ್ ಕನೆಕ್ಷನ್ ಬಳಸಿಕೊಳ್ಳಲು ಒಪ್ಪಿದರು. ಅದನ್ನು ಹಿಡಿಯಲು ನಿಮ್ಮ ಕಂಪ್ಯೂಟರಿಗೆ ಒಂದು ವೈರ್‌ಲೆಸ್ ಅಡಾಪ್ಟರ್ ಬೇಕಿತ್ತು.

"ಯಾವ್ದು ತೊಗೊಂಡ್ರ ಛಲೋ ಆಗ್ತದ್ರಿ, ವಸಂತರಾವ್ರ? ನನಗೇನೂ ತಿಳೂದಿಲ್ಲ. ನೀವು ಹೇಳಿದ್ದ ಖರೆ" ಎಂದಿರಿ.

ಅಂಗಡಿಯಲ್ಲಿ ಎರಡು ತರದವಿದ್ದವು. ಒಂದು, ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗೆ ಕೂಡಿಸುವ ಕಾರ್ಡು. ಉದ್ದ ವಾಯರಿನ ತುದಿಗೆ ಆಂಟೆನಾ ಇದ್ದು, ಅದನ್ನು ಕಿಟಕಿಯಲ್ಲಿ ಇಡಬಹುದಿತ್ತು. ಇನ್ನೊಂದು ಹೆಬ್ಬೆರಳಿನಷ್ಟು, ಹಿಂದೆ ಚುಚ್ಚಿದರೆ ಮುಗಿಯಿತು. ಕಂಪ್ಯೂಟರ್ ಎಲ್ಲಿದೆ ಎಂದು ಅಂಗಡಿಯವನು ಕೇಳಿದ. ಹಳೆಯ ಕಾಲದ ವಾಡೆ ಮನೆ, ಕಲ್ಲಿನ ಗೋಡೆ, ಕಬ್ಬಿಣದ ಕಪಾಟಿನ ಮರೆಯಲ್ಲಿ ಎಂದೆ. ಸಣ್ಣದು ಅಲ್ಲಿ ನಡೆಯುವುದಿಲ್ಲ, ಕಾರ್ಡೇ ಒಯ್ಯಿರಿ ಎಂದ. ನಾನು ಕೇಳಲಿಲ್ಲ. "ನಿದಾನ್ ಹೀ ವಾಯರ್ ತರೀ ಘ್ಯಾ" — ಕನಿಷ್ಠ ಈ ವಾಯರನ್ನಾದರೂ ಒಯ್ಯಿರಿ, ಅಡಾಪ್ಟರನ್ನು ಕಪಾಟಿನಿಂದ ದೂರ ಇಡಲು ಆಗುತ್ತದೆ — ಎಂದೂ ಹೇಳಿದ. ಗಲ್ಲೆಯ ಮೇಲೆ ಕೂತವನು ನನಗೆ ಪಾಠ ಹೇಳಬೇಕೇ? ಸಣ್ಣದನ್ನಷ್ಟೇ ತಂದೆ.

ಸೊಕ್ಕೊಂದೇ ಅಲ್ಲ. ನಾನು ಅಲ್ಲಿಯವರೆಗೆ ಒಂದು ಡಬ್ಬಿಯನ್ನೂ ಬಿಚ್ಚಿರಲಿಲ್ಲ — ನಿಮ್ಮೆದುರು ಸ್ಕ್ರೂ ಡ್ರೈವರ್ ಹಿಡಿದು ತಡವರಿಸಿದರೆ ಪಂಡಿತನ ಬಣ್ಣ ಬಯಲಾಗುತ್ತಿತ್ತು.

ಹತ್ತು ನಿಮಿಷ ಚೆನ್ನಾಗಿ ನಡೆಯಿತು. ನೀವು ಕೊಟ್ಟ ಅವಲಕ್ಕಿ ತಿಂದು ಎದ್ದೆ. ಮರುದಿನದಿಂದ ಕನೆಕ್ಷನ್ ಹೋಗುತ್ತ ಬರುತ್ತ, ಅರ್ಧ ಕಾಗದ ಹೋಗಿ ಅರ್ಧ ನಿಲ್ಲುತ್ತಿತ್ತು. ಐದು ದಿನ ಒದ್ದಾಡಿದಿರಿ. ಅಷ್ಟರಲ್ಲಿ ಖಂಡೇನವಮಿ. ಊರ ಕಡೆ ಕುಡಗೋಲು, ತಕ್ಕಡಿಗೆ ಮಾಡುವಂತೆ ನೀವು ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಚೆಂಡುಹೂವಿಟ್ಟು, ವೀಳ್ಯದೆಲೆಯಿಂದ ನೀರು ಚಿಮುಕಿಸಿದಿರಿ. ಮರುದಿನ ನನ್ನನ್ನು ಕರೆಸಿದಿರಿ.

ಕಪಾಟಿನ ಹಿಂದೆ ಬಗ್ಗಿದ ಕೂಡಲೇ, ಆ ಕಬ್ಬಿಣವೇ ಸಿಗ್ನಲ್ ತಡೆಯುತ್ತಿದೆ ಎಂದು ನನಗೆ ತಿಳಿಯಿತು. ಕಿಟಕಿಯ ಕಟ್ಟೆಯವರೆಗೆ ಒಂದು ವಾಯರು — ಅಷ್ಟೇ ಬೇಕಿತ್ತು. ಆದರೆ ಹಾಗೆಂದರೆ ನಾನು ಆರಿಸಿದ್ದು ತಪ್ಪೆಂದು ಒಪ್ಪಬೇಕಿತ್ತು. ಅಷ್ಟರಲ್ಲಿ ಕಂಪ್ಯೂಟರಿಗೆ ಹಚ್ಚಿದ ಕುಂಕುಮ ಕಣ್ಣಿಗೆ ಬಿತ್ತು.

"ಕಂಪ್ಯೂಟರಿಗೆ ನೀರು ಹಾಕ್ತಾರೇನ್ರಿ ಯಾರಾದ್ರೂ? ಒಳಗ ಎಲ್ಲಾ ಸುಟ್ಟದ" ಎಂದೆ.

"ಮೊದ್ಲೂ ನಿಂದರ್ತಿತ್ತಲ್ರಿ..." ಎಂದಿರಿ, ಮೆಲ್ಲಗೆ.

"ಮೊದ್ಲ ಸ್ವಲ್ಪ ಇತ್ತು. ಈಗ ಪೂರ್ತಿ ಹೋತು."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲವನ್ನಲ್ಲ, ನಿಮ್ಮ ಭಕ್ತಿಯನ್ನೇ ಡೊಂಕು ಅಂದೆ. "ತಪ್ಪಾತ್ರಿ" ಎಂದು ನೀವು ನನಗೇ ಕೈ ಮುಗಿದಿರಿ. ಹದಿನೈದು ದಿನದಲ್ಲಿ ವಕೀಲರ ಕೆಲಸ ಬೇರೆಯವರ ಪಾಲಾಯಿತು. ಪರೀಕ್ಷಿಸುತ್ತೇನೆಂದು ಅಂದೇ ಒಯ್ದ ಅಡಾಪ್ಟರ್ ನನ್ನ ಮನೆಯಲ್ಲಿ ಒಂದು ಸಲವೂ ನಿಲ್ಲದೆ ನಡೆಯಿತು. ಆಗಲೂ ಬಾಯಿ ಬಿಡಲಿಲ್ಲ. ನಾಮಕರಣ, ಅರಿಶಿನ-ಕುಂಕುಮ, ಎಲ್ಲಿ ಹೋದರೂ ನೀವು "ನಾ ಕಂಪ್ಯೂಟರಿಗೆ ನೀರು ಎರದಾಕಿ" ಎಂದು ನಿಮ್ಮನ್ನೇ ಹಾಸ್ಯ ಮಾಡಿಕೊಂಡು ಎಲ್ಲರನ್ನೂ ನಗಿಸುತ್ತಿದ್ದಿರಿ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಥೂ.

ಮೊನ್ನೆ ನಿಮ್ಮ ಮೊಮ್ಮಗಳು ನೀವು ಮಾತಾಡಲೆಂದು ಮೊಬೈಲು ಮುಂದೆ ಚಾಚಿದಳು. ನೀವು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿರಿ. "ಬ್ಯಾಡವ್ವ, ನಾ ಮುಟ್ಟಿದ್ರ ಕೆಡತದ. ನೀನ ಹಿಡಿ."

ಜೀವಮಾನವಿಡೀ ಒಂದಕ್ಷರ ತಪ್ಪದೆ ಟೈಪ್ ಮಾಡಿದ ಕೈಗಳು ಅವು.

ಈ ಭಾನುವಾರ, ಆಗ ನಕ್ಕವರೆಲ್ಲ ನಿಮ್ಮ ಮನೆಯಲ್ಲಿ ಸೇರುತ್ತಾರೆ. ಅವರೆದುರು ಇದನ್ನು ನಾನೇ ಓದುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಓದಿ ಮುಗಿಸಿ, ನನ್ನ ಮೊಬೈಲನ್ನು ನಿಮ್ಮ ಕೈಯಲ್ಲಿಡುತ್ತೇನೆ. ಹಿಡಿಯುವುದು, ಬಿಡುವುದು ನಿಮ್ಮದು.