ನಮ್ಮನೆಯವರ ನಾಲ್ಕು ಇಂಚು

ನಮ್ಮನೆಯವರು ಕಾಂತರಾಜು. ಎತ್ತರ ಐದು ಅಡಿ ಮೂರು ಇಂಚು. ಕೇಳಿದವರಿಗೆಲ್ಲ ಐದು ಏಳು ಅನ್ನುತ್ತಿದ್ದರು.

ಸುಳ್ಳು ಶುರುವಾಗಿದ್ದು ಹೆಣ್ಣು ನೋಡುವ ದಿನ. ನಾನು ಐದು ಅಡಿ ಆರು. ಅದೇ ಕಾರಣಕ್ಕೆ ಮೂರು ಕಡೆಯವರು ಕಾಫಿ ಕುಡಿದು ಎದ್ದು ಹೋಗಿದ್ದರು. ಇವರ ಅಣ್ಣ ಮಹದೇವ್ ಕೂತ ಕೂಡಲೇ ನಮ್ಮಪ್ಪನಿಗೆ, "ನಮ್ಮ ಹುಡುಗ ಐದು ಏಳು, ನಿಮ್ಮ ಹುಡುಗಿಗಿಂತ ಒಂದಿಂಚು ಜಾಸ್ತಿನೇ" ಅಂದರು. ಇವರು ನಾನು ಒಳಗೆ ಹೋಗುವವರೆಗೂ ಕುರ್ಚಿ ಬಿಟ್ಟು ಏಳಲಿಲ್ಲ. ಮದುವೆ ಫೋಟೊದಲ್ಲಿ ಅವರು ಮಣೆ ಮೇಲೆ, ನಾನು ನೆಲದ ಮೇಲೆ.

ಆಮೇಲೆ ಇಪ್ಪತ್ತೆರಡು ವರ್ಷ ಆ ಲೆಕ್ಕ ಹಾಗೇ ನಡೆಯಿತು. ಸುಂಕದಕಟ್ಟೆ ಬಸ್‌ಸ್ಟಾಪಿನ ಚಮ್ಮಾರರ ಹತ್ತಿರ ಚಪ್ಪಲಿಗೆ ಎರಡು ಪದರ ಹೆಚ್ಚಿಗೆ ಅಂಟಿಸಿಕೊಳ್ಳುತ್ತಿದ್ದರು. ಪಕ್ಕದ ಮನೆ ಶಿವಕ್ಕ ಆಡಿಕೊಳ್ಳದೆ ಬಿಡುತ್ತಿರಲಿಲ್ಲ. "ಏನಮ್ಮ, ನೀನು ಕಾಂಪೌಂಡ್ ಗೋಡೆ ಥರ ಮುಂದೆ ನಿಂತ್ರೆ ನಿನ್ನ ಗಂಡ ಮನೇಲಿದಾರೋ ಇಲ್ವೋ ಗೊತ್ತಾಗಲ್ಲ." ಇವರು ಒಳಗಿಂದಲೇ, "ಇದೀನಿ ಕಣಕ್ಕ, ಗೋಡೆಗೆ ಪಾಯ ಯಾರು ಅಂದ್ಕೊಂಡೆ" ಅನ್ನುತ್ತಿದ್ದರು.

ಹೆಗ್ಗನಹಳ್ಳಿಯಲ್ಲಿ ನಮ್ಮ ಮನೆ. ಕೆಳಗೆ ಅವರ ಲೇಥ್ ಮಿಷನ್ನು, ಮೇಲೆ ನಾವು. ಬುಷ್ ಕಟ್ ಮಾಡುವುದು ಅವರ ಕೆಲಸ. ಬುಷ್ ಅಂದರೆ ತೂತಿನೊಳಗೆ ಕೂರುವ ಬಳೆ. ದಪ್ಪ ಆದರೆ ಒಳಗೆ ಹೋಗಲ್ಲ, ಹೊಡೆದು ಕೂರಿಸಿದರೆ ಹೊರಗಿನ ಕಬ್ಬಿಣ ಸೀಳುತ್ತದೆ. ಸಣ್ಣದಾದರೆ ಲೊಡಲೊಡ. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಅವರೇ ಎತ್ತಿ ಗುಜರಿ ಡಬ್ಬಕ್ಕೆ ಎಸೆಯುತ್ತಿದ್ದರು. ಕಬ್ಬಿಣದ ಅಳತೆಯಲ್ಲಿ ಒಂದು ದಿನ ಸುಳ್ಳು ಹೇಳಿದವರಲ್ಲ. ಹೇಳಿದ್ದು ತಮ್ಮ ಅಳತೆಯಲ್ಲಿ ಮಾತ್ರ.

ಹೋದ ಆಷಾಢದಲ್ಲಿ ಮಾಗಡಿ ರೋಡಿನಲ್ಲಿ ಸ್ಕೂಟರ್ ಜಾರಿತು. ಎರಡೂ ಕಾಲು ಮುರಿದವು. ಅದಕ್ಕೆ ಔಷಧಿ ಇತ್ತು. ತಲೆಗೆ ಬಿದ್ದ ಪೆಟ್ಟಿಗೆ ಇರಲಿಲ್ಲ. ಮೂರನೇ ದಿನ ಆಸ್ಪತ್ರೆಯ ಡಾಕ್ಟರು ಮೆದುಳು ಸತ್ತಿದೆ, ಮಿಷನ್ನಿನಿಂದ ಉಸಿರು ಆಡುತ್ತಿದೆ ಅಂದರು. ಅಂಗ ಕೊಡುತ್ತೀರಾ ಅಂತ ಕೇಳಿದರು. ಕೊಡುತ್ತೇನೆ ಅಂದೆ. ಹೇಗೆ ಒಪ್ಪಿದೆ ಅಂತ ಈಗಲೂ ಜನ ಕೇಳುತ್ತಾರೆ. ಹಳೇ ಮಿಷನ್ನು ಕೆಟ್ಟರೆ ಅದರ ಒಳ್ಳೆ ಪಾರ್ಟನ್ನು ಅವರು ಎಂದೂ ಗುಜರಿಗೆ ಹಾಕಿದವರಲ್ಲ. ಅಷ್ಟೇ.

ಮಧ್ಯಾಹ್ನ ರಂಜಿನಿ ಅನ್ನುವ ಹುಡುಗಿ ಫೈಲು ಹಿಡಿದು ಬಂದಳು. ಅಂಗ ಯಾರಿಗೆ ಹೋಗಬೇಕು ಅಂತ ನೋಡುವ ಕೆಲಸ ಅವಳದು.

"ಸಾರ್ ಎತ್ತರ ಎಷ್ಟು ಅಮ್ಮ? ಕಾಲು ಎರಡೂ ಮುರಿದಿರೋದ್ರಿಂದ ಟೇಪಲ್ಲಿ ಸರಿಯಾಗಿ ಸಿಗ್ತಿಲ್ಲ."

"ಐದು ಏಳು" ಅಂದರು ಮಹದೇವ್. ಯೋಚನೆಯನ್ನೇ ಮಾಡಲಿಲ್ಲ, ಅಭ್ಯಾಸ. ಅವಳು ಬರೆದುಕೊಂಡಳು.

ಎತ್ತರ ತಗೊಂಡು ಏನು ಮಾಡುತ್ತಾಳೆ ಅಂತ ನನಗೆ ತಿಳಿಯಲಿಲ್ಲ. ಕೇಳಿದೆ.

"ಶ್ವಾಸಕೋಶಕ್ಕೆ ಅಮ್ಮ. ಎದೆ ಗೂಡಿಗೆ ಸರಿಯಾಗಿ ಕೂರಬೇಕು. ದೊಡ್ಡದಾದ್ರೆ ಒಳಗೆ ಅಮುಕಿದ ಹಾಗಾಗುತ್ತೆ, ಎದೆ ಮುಚ್ಚೋಕೂ ಕಷ್ಟ. ತುಂಬ ಚಿಕ್ಕದಾದ್ರೆ ಅವರಿಗೆ ಉಸಿರು ಸಾಲಲ್ಲ."

"ಅದಕ್ಕೆ ಎದೆ ಅಳೀಬೇಕಲ್ವಾ?"

"ಎಕ್ಸ್‌ರೇನೂ ನೋಡ್ತಾರೆ. ಆದ್ರೆ ಮೊದಲ ಲೆಕ್ಕ ಎತ್ತರದ್ದೇ. ದಪ್ಪ ಸಣ್ಣ ಲೆಕ್ಕಕ್ಕಿಲ್ಲ. ಎತ್ತರ, ಮತ್ತೆ ಗಂಡೋ ಹೆಣ್ಣೋ ಅನ್ನೋದು."

ದಪ್ಪವಾದರೆ ಕೂರಲ್ಲ, ಸಣ್ಣದಾದರೆ ಲೊಡಲೊಡ. ನಾನು ಎದ್ದು ನಿಂತೆ.

"ಐದು ಏಳಲ್ಲ. ಐದು ಮೂರು."

ಮಹದೇವ್ ತಲೆ ತಗ್ಗಿಸಿದರು. ಅತ್ತೆ ಮುನಿತಾಯಮ್ಮ ಗೋಡೆಗೆ ಒರಗಿ ಕೂತಿದ್ದವರು ಕಣ್ಣು ಬಿಟ್ಟರು. "ಬದುಕಿದ್ದಾಗ ಇಲ್ಲದ ಮಾತು ಈಗ್ಯಾಕೆ ಆಡ್ತೀಯೇ? ಅವನ ಮಾನ ಕಳೀಬೇಕಾ?"

"ಅವರು ತಪ್ಪು ಅಳತೆಯ ಒಂದು ಬುಷ್ ಆದ್ರೂ ಕಳಿಸ್ತಿದ್ರಾ ಅತ್ತೆ?"



ರಂಜಿನಿ ಕಷ್ಟಕ್ಕೆ ಸಿಕ್ಕಿಕೊಂಡಳು. "ಯಾವುದು ಬರೀಲಿ? ಐದು ಏಳು ಅಂದ್ರೆ ಒಬ್ಬರಿಗೆ, ಐದು ಮೂರು ಅಂದ್ರೆ ಬೇರೆಯವರಿಗೆ ಹೋಗುತ್ತೆ. ಎರಡೂ ಕೈ ಚಾಚಿ ಅಳೀಬಹುದು, ಅದೂ ಹತ್ರತ್ರ ಎತ್ತರದಷ್ಟೇ ಇರುತ್ತೆ."

"ಮಾರು" ಅಂದರು ಅತ್ತೆ. ಅತ್ತೆ ಮೂವತ್ತು ವರ್ಷ ಹೂವು ಮಾರಿದವರು. ಕೈ ಚಾಚಿದರೆ ಒಂದು ಮಾರು, ಆಳಿನುದ್ದವೇ ಮಾರಿನುದ್ದ ಅಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎದ್ದು ಮಗ ಮಲಗಿದ್ದ ಐಸಿಯು ಒಳಗೆ ಬಂದರು.

ಅವರ ಒಂದು ಕೈ ಅತ್ತೆ ಹಿಡಿದರು, ಇನ್ನೊಂದು ನಾನು. ಬೆಚ್ಚಗಿತ್ತು. ಉಗುರಿನ ಸಂದಿಯಲ್ಲಿ ಲೇಥಿನ ಆಯಿಲು ಹಾಗೇ ಇತ್ತು. ರಂಜಿನಿ ಬೆರಳ ತುದಿಯಿಂದ ಬೆರಳ ತುದಿಗೆ ಟೇಪು ಹಿಡಿದಳು.

"ನೂರ ಅರವತ್ತು ಸೆಂಟಿಮೀಟರ್. ಐದು ಮೂರೇ ಅಮ್ಮ."

"ಹೂಂ, ಅಷ್ಟೇ ನನ್ನ ಮಗ" ಅಂದರು ಅತ್ತೆ. ಮಗನ ಕೈಯನ್ನು ಮಡಚಿ ಎದೆ ಮೇಲಿಟ್ಟರು.

ರಂಜಿನಿ ಹೊರಗೆ ಹೋಗಿ ಫೋನು ಮಾಡಿ ಬಂದಳು. ಮೊದಲು ಅಂದುಕೊಂಡಿದ್ದವರು ತುಂಬ ಎತ್ತರದ ಆಳಂತೆ, ಅವರಿಗೆ ಇದು ಚಿಕ್ಕದಾಗುತ್ತಿತ್ತಂತೆ. ಈಗ ಸರಿಹೋಗುವ ಬೇರೆಯವರು ಸಿಕ್ಕಿದ್ದಾರಂತೆ.

"ಅವರೂ ಐದು ಮೂರಾ?"

"ಯಾರು ಏನು ಅಂತ ಹೇಳೋ ಹಾಗಿಲ್ಲ ಅಮ್ಮ."

"ಹೆಸರು ಬೇಡ. ಲೆಕ್ಕ ಹೇಳು. ಐದು ಮೂರಿನ ಗಂಡಸಿಂದು ಐದು ಮೂರಿನವರಿಗೇ ಆಗೋದಾ?"

ಅವಳು ಫೈಲು ಮುಚ್ಚಿದಳು. "ಗಂಡಸ್ರಿಗೆ ಆದ್ರೆ ಅಷ್ಟೇ ಎತ್ತರದವರಿಗೆ. ಹೆಂಗಸ್ರಿಗೆ ಆದ್ರೆ ಇನ್ನೂ ಎತ್ತರ ಇರೋರಿಗೆ. ಒಂದೇ ಎತ್ತರದಲ್ಲಿ ಗಂಡಸ್ರದ್ದು ಸ್ವಲ್ಪ ದೊಡ್ಡದಿರುತ್ತೆ."

"ಎಷ್ಟು ಎತ್ತರದ ಹೆಂಗಸು?"

ನನ್ನನ್ನು ಕಾಲಿಂದ ತಲೆವರೆಗೆ ನೋಡಿದಳು. "ನಿಮ್ಮಷ್ಟು ಎತ್ತರ ಇದ್ರೂ ಕೂರುತ್ತೆ."

ನಮ್ಮನೆಯವರನ್ನು ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಶ್ವಾಸಕೋಶ ಯಾರಿಗೆ ಹೋಯಿತೋ ಇವತ್ತಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಯಾರನ್ನು ಕಂಡರೂ ಮೊದಲು ಎತ್ತರ ನೋಡುತ್ತೇನೆ. ಇವರಿಗೆ ಕೂರುತ್ತೆ, ಇವರಿಗೆ ಕೂರಲ್ಲ. ಎತ್ತರದ ಹೆಂಗಸರು ಮೆಟ್ಟಿಲು ಹತ್ತಿ ಬಂದರೆ ಉಸಿರು ಹೇಗಿದೆ ಅಂತ ಕಿವಿಗೊಡುತ್ತೇನೆ.

ಮನೆಯಲ್ಲಿ ಅವರ ಆ ಎರಡು ಪದರದ ಚಪ್ಪಲಿ ಇದೆ. ಒಂದು ಸಲ ಹಾಕಿ ನೋಡಿದೆ. ಅದು ನನಗೆ ಆಗುವುದಿಲ್ಲ, ಚಿಕ್ಕದು.